ಕಾಫಿ ಮೂಟೆಗಿದ್ದ ಹಲಗೆ ನನ್ನ ಕಾಲಿಗಿರಲಿಲ್ಲ

ನಮ್ಮ ಅತ್ತೆ ನನ್ನ ವರ್ಕ್‌ಶಾಪಿಗೆ ಕಾಲಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಕಾಫಿ ಲೋಟ ಚಾಚಿ, "ತಗಳೇ, ನಾ ಒಳಗೆ ಬರಲ್ಲ. ಇದು ರೂಮಲ್ಲ, ಬಾವಿ" ಅನ್ನುತ್ತಿದ್ದರು. ಚಪ್ಪಲಿ ಹಾಕ್ಕೊಂಡು ಬನ್ನಿ ಅಂದರೆ, ಮನೆಯೊಳಗೆ ಚಪ್ಪಲಿಯಾ ಅಂತ ಮುಖ ಸಿಂಡರಿಸುತ್ತಿದ್ದರು.

ಆಗ ನಗುತ್ತಿದ್ದೆ. ಆಮೇಲೆ ಥರ್ಮಾಮೀಟರ್ ಹಿಡಿದು ನೋಡಿದಾಗ ಗೊತ್ತಾಯಿತು, ಅತ್ತೆ ಹೇಳಿದ್ದು ಅಕ್ಷರಶಃ ನಿಜ ಅಂತ.

ನಮ್ಮದು ಮೂಡಿಗೆರೆ ಕಡೆ. ಗುಡ್ಡದ ಇಳಿಜಾರು ಕಡಿದು ಮಟ್ಟ ಮಾಡಿ ಕಟ್ಟಿದ ಮನೆ, ಹಿಂದುಗಡೆ ಆಳೆತ್ತರದ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ. ಆರು ವರ್ಷದ ಹಿಂದೆ ಅಡುಗೆಮನೆಗೂ ಧರೆಗೂ ನಡುವೆ ಸುಮ್ನೆ ಬಿದ್ದಿದ್ದ ಜಾಗಕ್ಕೆ ಗೋಡೆ ಎಬ್ಬಿಸಿ ಒಂದು ರೂಮು ಮಾಡಿಸಿಕೊಂಡೆ. 16 ಅಡಿ ಉದ್ದ, 12 ಅಡಿ ಅಗಲ. ಮೇಲೆ ಹೆಂಚು. ಕೆಳಗೆ ಸೈಜುಗಲ್ಲಿನ ಪಾಯ, ಅದರೊಳಗೆ ಮಣ್ಣು ತುಂಬಿ, ದಮ್ಮಸು ಹೊಡೆದು, ಜಲ್ಲಿ ಹರಡಿ, 4 ಇಂಚು ಕಾಂಕ್ರೀಟ್. ಮೇಸ್ತ್ರಿ ಕರಣೆಯಲ್ಲಿ ತೀಡಿ ತೀಡಿ ಕನ್ನಡಿ ಹಾಗೆ ಮಾಡಿ ಕೊಟ್ಟರು. ಮಾರ್ಚ್ ತಿಂಗಳ ಬಿಸಿಲಲ್ಲಿ ಆ ನೆಲ ನೋಡಿ ನಾನೂ ಖುಷಿಪಟ್ಟೆ. ಬೇಸಿಗೆಯಲ್ಲಿ ಕಟ್ಟಿಸಿದವರಿಗೆಲ್ಲ ಮನೆ ಚೆನ್ನಾಗೇ ಕಾಣುತ್ತದೆ.

ನಾನು ಮಾಡುವುದು ಮರದ ಕೆಲಸ. ನಲವತ್ತು ದಾಟಿದ ಮೇಲೆ ಅಂಟಿಕೊಂಡ ಚಟ. ಮಣೆ, ಟ್ರೇ, ಮಸಾಲೆ ಡಬ್ಬಿ, ಹೀಗೆ. ತೋಟದಲ್ಲಿ ಮೆಣಸು ಹಬ್ಬಿಸಲು ನೆಟ್ಟ ಸಿಲ್ವರ್ ಓಕ್ ಗಾಳಿಗೆ ಉರುಳಿದಾಗ ಅದನ್ನು ಸೌದೆ ಮಾಡಲು ಮನಸ್ಸು ಬಾರದೆ ಶುರುವಾಗಿದ್ದು. ಈಗ ಹಲಸು, ಹೆಬ್ಬಲಸೂ ಸಿಕ್ಕಿದರೆ ಬಿಡುವುದಿಲ್ಲ.

ಆಚೆ ವರ್ಷ ಜೂನ್ ಎರಡನೇ ವಾರ ಹಾಸನದಲ್ಲಿ ಒಂದು ಮದುವೆ. ಮೂರು ದಿನ ಹೋಗಿ ಬಂದೆವು. ಬಾಗಿಲು ತೆಗೆದರೆ ನೆಲದ ಮೇಲೆ ನೀರು. ಹರಿಯುವಷ್ಟಲ್ಲ. ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿ ಆಗಷ್ಟೇ ಹೋದ ಹಾಗೆ. ಬೆಂಚಿನ ಕೆಳಗೆ ನೆಲದ ಮೇಲೇ ಬಿಟ್ಟು ಹೋಗಿದ್ದ, ಮರ ಹೆರೆದು ನುಣುಪು ಮಾಡುವ ನನ್ನ ಕಬ್ಬಿಣದ ಹತ್ರಿಯನ್ನು ಎತ್ತಿದರೆ, ಅದರ ತಳ ಪೂರ್ತಿ ಅರಿಶಿನ ಕುಂಕುಮ ಕಲಸಿದ ಬಣ್ಣ. ಎತ್ತಿದ ಜಾಗದಲ್ಲಿ ನೆಲದ ಮೇಲೆ ಅದರದೇ ಅಚ್ಚು, ತುಕ್ಕಿನಲ್ಲಿ ಬರೆದ ಹಾಗೆ. ಆ ಅಚ್ಚು ಎಷ್ಟು ಉಜ್ಜಿದರೂ ಹೋಗಲೇ ಇಲ್ಲ.

ನಮ್ಮನೆಯವರು ಹೆಂಚು ಸೋರುತ್ತಿದೆ ಅಂತ ಏಣಿ ಹಾಕಿ ಹತ್ತಿದರು. ಒಂದು ಹೆಂಚೂ ಒಡೆದಿರಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿದರೆ, "ಅಕ್ಕಾ, ಮಳೆಗಾಲದಲ್ಲಿ ನೆಲ ಬೆವರೋದು ಮಾಮೂಲಿ. ಬೇಕಾದ್ರೆ ಟೈಲ್ಸ್ ಹಾಕ್ಸಿ" ಅಂದರು. ನಮ್ಮ ಹಾಲಿನಲ್ಲಿ ಟೈಲ್ಸೇ ಇರುವುದು. ಅದೂ ಬೆವರುತ್ತದೆ. ಅದಕ್ಕಿಂತ ಹಿಂದೆ ಇದ್ದ ಕಾವಿ ನೆಲವೂ ಬೆವರುತ್ತಿತ್ತು. ಹಾಗಾಗಿ ಟೈಲ್ಸ್ ಮಾತು ಅಲ್ಲಿಗೇ ಬಿಟ್ಟೆ.

ಆಮೇಲೆ ರಾತ್ರಿ ಹೊತ್ತು ಫೋನಿನಲ್ಲಿ ವಿಡಿಯೋ ನೋಡಲು ಕೂತೆ. ಕಾಂಕ್ರೀಟ್ ನೆಲಕ್ಕೆ ಇನ್ಸುಲೇಶನ್, ಅಂದರೆ ಬಿಸಿ ದಾಟದ ಹಾಗೆ ತಡೆಯುವ ಪದರ, ಹಾಕುವ ವಿಡಿಯೋ ಬೇಕಾದಷ್ಟಿವೆ. ಎಲ್ಲವೂ ಹಿಮ ಬೀಳುವ ಊರಿನವು. ಅವರ ಚಿಂತೆಯೇ ಬೇರೆ. ಅವರು ದುಡ್ಡು ಸುರಿದು ಮನೆಯೊಳಗೆ ಬಿಸಿ ಮಾಡಿರುತ್ತಾರೆ, ಆ ಬಿಸಿ ನೆಲದಿಂದ, ಅದರಲ್ಲೂ ನೆಲದ ಅಂಚಿನಿಂದ ಹೊರಗೆ ಸೋರಬಾರದು. ನಮ್ಮಲ್ಲಿ ಬಿಸಿ ಮಾಡುವುದು ಬಚ್ಚಲ ಒಲೆಯನ್ನು ಮಾತ್ರ. ನನ್ನ ಕಷ್ಟ ನೀರಿನದು. ಆ ನೀರು ಎಲ್ಲಿಂದ ಬರುತ್ತಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ನೆಲಕ್ಕೆ ನೀರು ಬರುವ ದಾರಿ ಎರಡು. ಒಂದು ಕೆಳಗಿನಿಂದ. ಮಣ್ಣಿನ ತೇವ ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತದೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ. ಕಾಂಕ್ರೀಟ್ ಗಟ್ಟಿ ಕಲ್ಲಿನ ಹಾಗೆ ಕಂಡರೂ ನೀರನ್ನು ಪೂರ್ತಿ ತಡೆಯುವುದಿಲ್ಲ. ಇನ್ನೊಂದು ಮೇಲಿನಿಂದ. ಬಾವಿಯಿಂದ ಸೇದಿ ತಂದಿಟ್ಟ ಹಿತ್ತಾಳೆ ಕೊಡದ ಹೊಟ್ಟೆ ಒದ್ದೆಯಾಗುತ್ತದಲ್ಲ, ಹಾಗೆ. ಕೊಡ ಸೋರಿರುವುದಿಲ್ಲ. ಗಾಳಿಯಲ್ಲಿರುವ ತೇವ ತಣ್ಣಗಿನ ಮೈ ಸಿಕ್ಕಿದ ಕಡೆ ನೀರಾಗಿ ಕೂರುತ್ತದೆ. ಎರಡಕ್ಕೂ ಮದ್ದು ಬೇರೆ. ಕೆಳಗಿನ ನೀರಿಗೆ ಪ್ಲಾಸ್ಟಿಕ್ ಹಾಳೆ ಬೇಕು, ಇನ್ಸುಲೇಶನ್ ಹಾಕಿ ಪ್ರಯೋಜನ ಇಲ್ಲ. ಮೇಲಿನ ನೀರಿಗೆ ಇನ್ಸುಲೇಶನ್ ಬೇಕು, ಪ್ಲಾಸ್ಟಿಕ್ ಹಾಳೆ ಹಾಸಿದರೆ ಅದರ ಮೇಲೇ ನೀರು ಕೂರುತ್ತದೆ.

ಯಾವುದು ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪ್ ಹಚ್ಚಬೇಕು. ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಕೆಳಗೆ ಹನಿ ಕಂಡರೆ, ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ, ನೀರು ಕೆಳಗಿನದು. ಹಾಳೆಯ ಮೇಲೆ ಹನಿ ಇದ್ದರೆ ಗಾಳಿಯದು. ಅಡಿಕೆ ಒಣಗಿಸುವ ಪಾಲಿಹೌಸಿನ ಹಾಳೆ ಉಳಿದಿತ್ತು, ಅದನ್ನೇ ಕತ್ತರಿಸಿ ಎರಡು ಕಡೆ ಅಂಟಿಸಿದೆ. ಒಂದು ರೂಮಿನ ನಡುವೆ, ಇನ್ನೊಂದು ಧರೆಯ ಕಡೆ ಗೋಡೆಯ ಬುಡದಲ್ಲಿ. ಒದ್ದೆ ನೆಲಕ್ಕೆ ಟೇಪ್ ಹಿಡಿಯಬೇಕಲ್ಲ? ಹೇರ್ ಡ್ರೈಯರ್ ಹಿಡಿದು ಅಂಚು ಒಣಗಿಸಿಕೊಂಡೆ. ಮಗ ನೋಡಿ, "ಅಮ್ಮ ನೆಲಕ್ಕೆ ಬ್ಯಾಂಡೇಜ್ ಹಾಕ್ತಿದ್ದಾಳೆ" ಅಂತ ಅವರ ಅಪ್ಪನಿಗೆ ಕೂಗಿ ಹೇಳಿದ.

ಮಾರನೇ ದಿನ ನೋಡಿದರೆ ಎರಡೂ ಒಂದೇ ಉತ್ತರ ಕೊಡಲಿಲ್ಲ. ನಡುವಿನ ಹಾಳೆಯ ಮೇಲೆ ಹನಿ, ಕೆಳಗೆ ಒಣಗಿದ ಬೂದು ಬಣ್ಣ. ಧರೆಯ ಕಡೆಯದಕ್ಕೆ ಮೇಲೂ ಹನಿ, ಕೆಳಗೂ ಹನಿ. ಹಾಳೆ ಕಿತ್ತಾಗ ಕೆಳಗಿನ ಕಾಂಕ್ರೀಟ್ ಹಸಿ ಮಣ್ಣಿನ ವಾಸನೆ ಹೊಡೆಯಿತು. ಅಂದರೆ ನನಗೆ ಎರಡು ರೋಗವೂ ಇತ್ತು, ಒಂದೇ ರೂಮಿನಲ್ಲಿ.

ಆಮೇಲೆ ಒಂದು ಪುಟ್ಟ ಮೀಟರ್ ತರಿಸಿದೆ. ಗಾಳಿಯ ಬಿಸಿ, ತೇವ ಎರಡೂ ತೋರಿಸುತ್ತದೆ. ರೂಮಿನ ಗಾಳಿ 26 ಡಿಗ್ರಿ, ತೇವ 88 ಪರ್ಸೆಂಟ್. ಈ ಲೆಕ್ಕದಲ್ಲಿ ಗಾಳಿಯ ಇಬ್ಬನಿ ಬಿಂದು 24 ಡಿಗ್ರಿಯ ಹತ್ತಿರ ಬರುತ್ತದೆ. ಅದಕ್ಕಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ನೀರು ಕೂರಲೇಬೇಕು. ನೆಲಕ್ಕೆ ಥರ್ಮಾಮೀಟರ್ ಒತ್ತಿ ಹಿಡಿದರೆ 22. ಸುಮ್ನೆ ಕುತೂಹಲಕ್ಕೆ ಹಿತ್ತಲ ಬಾವಿಯಿಂದ ಒಂದು ಕೊಡ ಸೇದಿ ಅದರಲ್ಲೂ ಅದ್ದಿದೆ. ಅದೂ 22.

ಆಶ್ಚರ್ಯ ಏನಿಲ್ಲ. ಭೂಮಿಯೊಳಗೆ ಸ್ವಲ್ಪ ಆಳಕ್ಕೆ ಹೋದರೆ ಬಿಸಿಲು, ಚಳಿ ಎರಡೂ ತಟ್ಟುವುದಿಲ್ಲ. ವರ್ಷದ ಸರಾಸರಿ ಹವೆ ಎಷ್ಟಿರುತ್ತದೋ ಹೆಚ್ಚು ಕಡಿಮೆ ಅಷ್ಟೇ ಬಿಸಿ ಅಲ್ಲಿರುತ್ತದೆ. ಬಾವಿ ನೀರು ಅದೇ ಮಣ್ಣಿನದು, ನನ್ನ ಕಾಂಕ್ರೀಟ್ ಅದೇ ಮಣ್ಣಿಗೆ ಅಂಟಿಕೊಂಡು ಮಲಗಿರುವುದು. ಅತ್ತೆಗೆ ಹೋಗಿ ಹೇಳಿದೆ, ನೀವು ಹೇಳಿದ ಹಾಗೆ ಅದು ಬಾವಿಯೇ ಅತ್ತೆ ಅಂತ. "ಅದಕ್ಕೆ ಮಿಷಿನ್ ಬೇರೆ ಬೇಕಿತ್ತಾ" ಅಂದರು.

ಡಿಸೆಂಬರ್‌ನಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ನಿಂತರೆ ಅರ್ಧ ಗಂಟೆಯಲ್ಲಿ ಹಿಮ್ಮಡಿಯಿಂದ ಮಂಡಿವರೆಗೆ ಜುಂ ಅನ್ನುತ್ತಿತ್ತು. ಆಗ ಅಳೆದರೆ ಗಾಳಿ 16 ಡಿಗ್ರಿ, ನೆಲ 18. ನೆಲವೇ ಗಾಳಿಗಿಂತ ಬೆಚ್ಚಗಿತ್ತು! ಆದರೆ ಕಾಲಿಗೆ ಅದು ಗೊತ್ತಾಗುವುದಿಲ್ಲ. ನಮ್ಮ ಪಾದ 30 ಡಿಗ್ರಿಯ ಆಸುಪಾಸು ಇರುತ್ತದೆ, ಕಾಂಕ್ರೀಟ್ ಅದರ ಬಿಸಿಯನ್ನು ಬೇಗ ಬೇಗ ಎಳೆದುಕೊಂಡು ಕೆಳಗಿನ ಮಣ್ಣಿಗೆ ಸಾಗಿಸುತ್ತದೆ. ಎಷ್ಟು ಸಾಗಿಸಿದರೂ ಅದಕ್ಕೆ ಸಾಕಾಗುವುದಿಲ್ಲ. ಪಕ್ಕದಲ್ಲೇ ಬಿದ್ದಿದ್ದ ಹಲಸಿನ ಹಲಗೆ 16 ಡಿಗ್ರಿಯದೇ. ಅದರ ಮೇಲೆ ನಿಂತರೆ ಹಾಯಾಗಿತ್ತು.

ಕಾಲಡಿಗೆ ಗೋಣಿ ತಾಟು ಹಾಕಿಕೊಂಡು ಆ ತಿಂಗಳು ಕಳೆದೆ.

ಜನವರಿಯಲ್ಲಿ ಕಾಫಿ ಕೊಯ್ಲು. ಕಣದಲ್ಲಿ ಒಣಗಿದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ, ಮೂಟೆ ಕಟ್ಟಿ ಗೋಡೌನಿಗೆ ಇಳಿಸುತ್ತಿದ್ದರು. ಆಳೊಬ್ಬ ಒಂದು ಮೂಟೆಯನ್ನು ಸೀದಾ ಸಿಮೆಂಟ್ ನೆಲಕ್ಕೆ ಇಳಿಸಿದ. ನಮ್ಮನೆಯವರು ಕಣದಿಂದಲೇ ಕೂಗಿದರು, "ಲೇ, ಹಲಗೆ ಮೇಲೆ ಇಡೋ! ನೆಲಕ್ಕಿಟ್ರೆ ಥಂಡಿ ಎಳ್ಕಳತ್ತೆ!" ನಮ್ಮ ಗೋಡೌನಿನಲ್ಲಿ ಕಲ್ಲಿನ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ಹಲಗೆ, ಅದರ ಮೇಲೆ ಮೂಟೆ. ಗೋಡೆಗೂ ಮೂಟೆಗೂ ನಡುವೆ ಒಂದು ಕೈ ಜಾಗ. ಮಾವನ ಕಾಲದಿಂದಲೂ ಹೀಗೇ. ಹತ್ತು ಪರ್ಸೆಂಟಿಗೆ ಒಣಗಿಸಿದ ಕಾಫಿ ಮತ್ತೆ ತೇವ ಎಳೆದರೆ ಬಣ್ಣ ಹೋಗುತ್ತದೆ, ರೇಟು ಹೋಗುತ್ತದೆ. ನಾನು ಅಲ್ಲಿ ನಿಂತು ನೋಡುತ್ತಾ ಇದ್ದೆ. ಕಾಫಿ ಮೂಟೆಗೆ ಕೊಟ್ಟ ಮರ್ಯಾದೆಯನ್ನು ನನ್ನ ಕಾಲಿಗೆ ನಾನೇ ಕೊಟ್ಟಿರಲಿಲ್ಲವಲ್ಲ ಅನ್ನಿಸಿತು.

ಮೊದಲು ಯೋಚಿಸಿದ್ದೂ ಅದೇ, ಗೋಡೌನಿನ ಹಾಗೆ ಮರದ ಪಟ್ಟಿ ಕೊಟ್ಟು ಹಲಗೆ ಹೊಡೆಯುವುದು. ಸಿಲ್ವರ್ ಓಕ್ ಹೇಗಿದ್ದರೂ ಇದೆ. ಆದರೆ ಪಟ್ಟಿಯ ನಡುವೆ ಉಳಿಯುವ ಸಂದಿಯೊಳಗೆ ಏನೇನು ಸಂಸಾರ ಹೂಡುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಗೆದ್ದಲು, ಇಲಿ, ಇಲಿಯ ಹಿಂದೆ ಹಾವು. ಮೂಟೆ ವರ್ಷಕ್ಕೊಮ್ಮೆ ಖಾಲಿಯಾಗುತ್ತದೆ, ಕೆಳಗೆ ಗುಡಿಸಬಹುದು. ನನ್ನ ಮಷಿನ್‌ಗಳನ್ನು ಎತ್ತಿ ಗುಡಿಸುವವರು ಯಾರು? ಹಾಗಾಗಿ ಸಂದಿಯೇ ಇಲ್ಲದ ಹಾಗೆ ಮಾಡಬೇಕು ಅಂತ ತೀರ್ಮಾನಿಸಿದೆ. ಕಾಂಕ್ರೀಟ್ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಗಟ್ಟಿ ಫೋಮ್ ಶೀಟ್, ಅದರ ಮೇಲೆ ಎರಡು ಪದರ ಪ್ಲೈವುಡ್. ಯಾವುದಕ್ಕೂ ನೆಲಕ್ಕೆ ಮೊಳೆ ಇಲ್ಲ. ತನ್ನ ಭಾರಕ್ಕೆ ತಾನೇ ಕೂತಿರುತ್ತದೆ.

ಅದಕ್ಕಿಂತ ಮೊದಲು ಧರೆ. ಕೆಳಗಿನಿಂದ ನೀರು ಒತ್ತುತ್ತಿರುವಾಗ ಮೇಲೆ ಏನು ಮುಚ್ಚಿದರೂ ಅದು ಕದ್ದುಮುಚ್ಚಿ ಇನ್ನೊಂದು ಕಡೆ ಹೊರಡುತ್ತದೆ. ಫೆಬ್ರವರಿಯಲ್ಲಿ, ಮಣ್ಣು ಒಣಗಿದ ಮೇಲೆ, ಗೋಡೆಗೂ ಧರೆಗೂ ನಡುವೆ ಒಂದು ಬಸಿಗಾಲುವೆ ತೆಗೆಸಿದೆ. ನೆಲಮಟ್ಟಕ್ಕಿಂತ ಒಂದೂವರೆ ಅಡಿ ಕೆಳಗೆ, ಒಂದು ಕಡೆಗೆ ಇಳಿಜಾರು ಕೊಟ್ಟು, ಒಳಗೆ ದಪ್ಪ ಜಲ್ಲಿ ತುಂಬಿ. ಅಡಿಕೆ ತೋಟದಲ್ಲಿ ಬಸಿಗಾಲುವೆ ಇಲ್ಲದಿದ್ದರೆ ಬೇರು ಕೊಳೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಮನೆ ಕಟ್ಟುವಾಗ ಮಾತ್ರ ಮರೆತುಬಿಡುತ್ತೇವೆ. ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ನೆನೆದ ಧರೆಯ ಬುಡ ಕೆದಕಿದರೆ ಧರೆಯೇ ಒಳಗೆ ಬರುತ್ತದೆ.

ಇನ್ನು ಫೋಮ್. ಮೂಡಿಗೆರೆಯಲ್ಲಿ ಕೇಳಿದರೆ ಗಣಪತಿ ಅಲಂಕಾರಕ್ಕೆ ಬಳಸುವ ಬಿಳಿ ಥರ್ಮಾಕೋಲ್ ತೋರಿಸಿದರು. ಹೆಬ್ಬೆಟ್ಟು ಒತ್ತಿದರೆ ಕುಳಿ ಬಿತ್ತು. ಥರ್ಮಾಕೋಲ್‌ನಲ್ಲೂ ಸಾಂದ್ರತೆ ಜಾಸ್ತಿ ಇರುವ ಗಟ್ಟಿ ಶೀಟ್ ಬರುತ್ತದೆ, ಅದು ನಡೆಯುತ್ತದೆ. ನಾನು ಹುಡುಕಿದ್ದು ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್) ಅನ್ನುವ ಶೀಟ್. ಮೂಲ ವಸ್ತು ಥರ್ಮಾಕೋಲ್‌ದೇ, ಆದರೆ ಕಾಳು ಕಾಳಾಗಿರುವುದಿಲ್ಲ, ಬಿಸ್ಕತ್ತಿನ ಹಾಗೆ ಒತ್ತಾಗಿ ಇರುತ್ತದೆ, ನೀರು ಕುಡಿಯುವುದು ತೀರಾ ಕಡಿಮೆ. ಪೇಟೆ ಕಡೆ ತಾರಸಿಯ ಬಿಸಿಲು ತಡೆಯಲು ಹಾಕುತ್ತಾರೆ. ಚಿಕ್ಕಮಗಳೂರಿನಲ್ಲಿ ತಾರಸಿ ಕೆಲಸ ಮಾಡುವವರೊಬ್ಬರು ತಮ್ಮ ಲೋಡಿನ ಜೊತೆ ಬೆಂಗಳೂರಿನಿಂದ ತರಿಸಿಕೊಟ್ಟರು. 25 ಎಂಎಂ ದಪ್ಪ, 4 ಅಡಿಗೆ 2 ಅಡಿಯ ಹಾಳೆಗಳು. ನನ್ನ ರೂಮಿಗೆ ಲೆಕ್ಕಕ್ಕೆ ಸರಿಯಾಗಿ 24 ಬೇಕು, 28 ತರಿಸಿದೆ. ಹೆಚ್ಚು ತರಿಸಿದ್ದು ಒಳ್ಳೆಯದೇ ಆಯಿತು, ಯಾಕೆ ಅಂತ ಹೇಳುತ್ತೇನೆ.

ಒಂದು ಇಂಚು ಫೋಮಿನಿಂದ ಏನಾದೀತು ಅಂತ ಎಲ್ಲರೂ ಕೇಳಿದರು. ಬಿಸಿ ದಾಟುವ ಲೆಕ್ಕದಲ್ಲಿ ಒಂದು ಇಂಚು ಈ ಶೀಟು ನಲವತ್ತು ಇಂಚಿಗಿಂತ ಜಾಸ್ತಿ ಕಾಂಕ್ರೀಟಿಗೆ ಸಮ. ಮೂರಡಿಗೂ ಮೀರಿದ ಕಾಂಕ್ರೀಟ್! ಇನ್ನೊಂದು ಪ್ರಶ್ನೆ, ಭಾರ ತಡೆಯುತ್ತದಾ? ತಡೆಯುತ್ತದೆ. ನನ್ನ ಶೀಟಿನ ಮೇಲೆ 250 ಕಿಲೋಪಾಸ್ಕಲ್ ಅಂತ ಬರೆದಿತ್ತು, ಅಂದರೆ ಒಂದು ಚದರ ಮೀಟರಿಗೆ ಸುಮಾರು 25 ಟನ್ ಬಿದ್ದಾಗ ಅದು ಹತ್ತನೇ ಒಂದರಷ್ಟು ಅಪ್ಪಚ್ಚಿಯಾಗುತ್ತದೆ. ವರ್ಷಗಟ್ಟಲೆ ಹೊರಿಸುವ ಭಾರಕ್ಕೆ ಅದರ ಮೂರನೇ ಒಂದು ಭಾಗವನ್ನೂ ನಂಬಬಾರದು. ಹಾಗಿದ್ದರೂ ನನ್ನ 150 ಕೆಜಿಯ ಬ್ಯಾಂಡ್‌ಸಾ, ಅಂದರೆ ಮರ ಕೊಯ್ಯುವ ಮಷಿನ್, ಅದಕ್ಕೆ ಲೆಕ್ಕಕ್ಕಿಲ್ಲ. ಪ್ಲೈವುಡ್ ಆ ನಾಲ್ಕು ಕಾಲಿನ ಭಾರವನ್ನು ಹಂಚುತ್ತದೆ.

ಪ್ಲೈವುಡ್ ಕಥೆ ಬೇರೆ. ಅಂಗಡಿಯಲ್ಲಿ ಎಲ್ಲವೂ ಮೆರೈನ್, ಎಲ್ಲವೂ ವಾಟರ್‌ಪ್ರೂಫ್. ಹಾಳೆಯ ಮೇಲೆ ಐಎಸ್ 710 ಅಂತ, ಅಂದರೆ ಮೆರೈನ್ ಪ್ಲೈವುಡ್‌ನ ಭಾರತೀಯ ಮಾನದಂಡದ, ಮುದ್ರೆ ಇದ್ದರೆ ಅದು ಕುದಿಯುವ ನೀರಿನಲ್ಲಿ 72 ಗಂಟೆ ಬಿದ್ದಿದ್ದರೂ ಪದರ ಬಿಡಬಾರದು. ಮುದ್ರೆ ಯಾರು ಬೇಕಾದರೂ ಒತ್ತಬಹುದಲ್ಲ? ಎರಡು ಅಂಗಡಿಯಿಂದ ಒಂದೊಂದು ತುಂಡು ಕೇಳಿ ತಂದೆ. ಹಿಂದೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಹಳೇ ಪಾತ್ರೆಯಲ್ಲಿ ನೀರು ಹಾಕಿ ಬಚ್ಚಲ ಒಲೆಯ ಮೇಲೆ ಹಂಡೆಯ ಪಕ್ಕ ಇಟ್ಟೆ. ಮೂರು ದಿನ. ರಾತ್ರಿ ಬೆಂಕಿ ತಗ್ಗುತ್ತಿತ್ತು, ಹಾಗಾಗಿ ಪರೀಕ್ಷೆ ಪಕ್ಕಾ ಅಂತ ಹೇಳಲಾರೆ. ಅತ್ತೆ ಸ್ನಾನಕ್ಕೆ ಹೋದಾಗಲೆಲ್ಲ "ಇವತ್ತೂ ಹಲಗೆ ಸಾರಾ?" ಅಂತ ಕೇಳುತ್ತಿದ್ದರು. ಎರಡನೇ ದಿನ ಬೆಳಿಗ್ಗೆ ಒಂದು ತುಂಡು ಪುಸ್ತಕದ ಹಾಗೆ ಬಿಚ್ಚಿಕೊಂಡಿತ್ತು. ಅದೇ ದುಬಾರಿಯದು! ಇನ್ನೊಂದು ಕಪ್ಪಗಾಯಿತು, ಆದರೆ ಉಳಿ ಹಾಕಿ ಎಬ್ಬಿದರೂ ಪದರ ಬಿಡಲಿಲ್ಲ. ಅದರಲ್ಲೇ 12 ಎಂಎಂನ 12 ಹಾಳೆ ಕೊಂಡೆ. 8 ಅಡಿಗೆ 4 ಅಡಿ, ಒಂದು ಪದರಕ್ಕೆ 6. ಕೆಳಮುಖಕ್ಕೂ ಅಂಚಿಗೂ ಎರಡು ಕೋಟ್ ಪ್ರೈಮರ್ ಹೊಡೆದು ಕಣದಲ್ಲಿ ಒಣಗಿಸಿದೆ.

ಏಪ್ರಿಲ್ ಮೊದಲ ವಾರ ಹಾಸಲು ಶುರು. ಕಾಂಕ್ರೀಟ್ ವರ್ಷದಲ್ಲೇ ಒಣಗಿರುವ ಕಾಲ ಅದು. ಗೋಡೆ ಬುಡಕ್ಕೆ ಅಡಿಗೊಂದು ತೂತು ಕೊರೆಸಿ ಗೆದ್ದಲು ಔಷಧಿ ಇಳಿಸಿದ್ದೆ. ಫೋಮನ್ನು ಗೆದ್ದಲು ತಿನ್ನುವುದಿಲ್ಲ, ಆದರೆ ಅದರೊಳಗೆ ಸುರಂಗ ಮಾಡಿಕೊಂಡು ಪ್ಲೈವುಡ್‌ವರೆಗೆ ಆರಾಮಾಗಿ ಬರುತ್ತದೆ. ರಸಮಟ್ಟ ಇಟ್ಟು ನೋಡಿದರೆ ಕನ್ನಡಿಯ ಹಾಗಿದ್ದ ನೆಲ ನಡುವೆ ಅರ್ಧ ಇಂಚು ತಗ್ಗು. ಅದಕ್ಕೆ ಸಿಮೆಂಟ್ ತುಂಬಿ ಒಂದು ವಾರ ಒಣಗಲು ಬಿಟ್ಟೆ. ತಗ್ಗು ತುಂಬದಿದ್ದರೆ ಮೇಲೆ ಹಾಸಿದ್ದು ನಡೆದಾಗಲೆಲ್ಲ ಡಬ್ ಡಬ್ ಅನ್ನುತ್ತದೆ.

ಪ್ಲಾಸ್ಟಿಕ್ 250 ಮೈಕ್ರಾನಿನದು. ಒಂದಡಿ ಒಂದರ ಮೇಲೊಂದು ಬರುವ ಹಾಗೆ ಹಾಸಿ, ಗೋಡೆಗೆ ನಾಲ್ಕು ಇಂಚು ಮೇಲಕ್ಕೆ ಮಡಚಿದೆ. ಅದರ ಮೇಲೆ ಫೋಮ್.

ಇಲ್ಲಿ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ಶೀಟಿನ ಅಂಚುಗಳು ಕೂಡುವ ಕಡೆ ಗಾಳಿ ಇಳಿಯಬಾರದು. ರೂಮಿನ ತೇವದ ಗಾಳಿ ಸಂದಿಯಲ್ಲಿ ಇಳಿದು ತಣ್ಣಗಿನ ಪ್ಲಾಸ್ಟಿಕ್ ಮುಟ್ಟಿದರೆ ಅಲ್ಲೇ ನೀರಾಗುತ್ತದೆ, ಆಮೇಲೆ ಕಣ್ಣಿಗೂ ಕಾಣುವುದಿಲ್ಲ. ಟೇಪ್ ಸಾಲದು, ಅಂಟೂ ಹಾಕೋಣ ಅಂತ ಲ್ಯಾಮಿನೇಟ್ ಅಂಟಿಸುವ ರಬ್ಬರ್ ಅಂಟಿನ ಡಬ್ಬ ತೆಗೆದೆ. ಬ್ರಶ್ಶಿನಲ್ಲಿ ಎರಡು ಅಂಚಿಗೆ ಧಾರಾಳವಾಗಿ ಬಳಿದೆ. ಕಾಫಿ ಕುಡಿದು ಬಂದು ಜೋಡಿಸೋಣ ಅಂತ ಎದ್ದರೆ ಸಣ್ಣಗೆ ಸದ್ದು, ಉಪ್ಪಿಟ್ಟಿನ ರವೆಗೆ ಬಿಸಿನೀರು ಬಿದ್ದ ಹಾಗೆ. ಬಗ್ಗಿ ನೋಡಿದರೆ ಅಂಚು ಒಳಕ್ಕೆ ಕುಸಿಯುತ್ತಿದೆ. ನನ್ನ ಕಣ್ಣೆದುರೇ ನೇರ ಗೆರೆಯಂತಿದ್ದ ಅಂಚು ಅಲೆ ಅಲೆಯಾಗಿ, ಅಲೆ ಕುಳಿಯಾಗಿ, ಕುಳಿಯ ತಳದಲ್ಲಿ ಅಂಟು ಜೋನಿಬೆಲ್ಲದ ಹಾಗೆ ನಿಂತಿತು. ಬ್ರಶ್ ತಾಗಿದ್ದ ಕಡೆಯೆಲ್ಲ ಇಲಿ ಕಡಿದ ಹಾಗೆ. ಆ ಅಂಟಿನಲ್ಲಿರುವ ದ್ರಾವಕ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಪೆಟ್ರೋಲ್, ಥಿನ್ನರ್ ಕೂಡ ಹಾಗೇ. ಡಬ್ಬದ ಮೇಲೆ ಬರೆದಿದ್ದರು, ನಾನು ಓದಿರಲಿಲ್ಲ. ಎರಡು ಶೀಟ್ ಹೋಯಿತು. ಅದಕ್ಕೇ ಹೇಳಿದ್ದು, ಹೆಚ್ಚು ತರಿಸಿದ್ದು ಒಳ್ಳೆಯದಾಯಿತು ಅಂತ. ಕೊನೆಗೆ ಅಗಲದ ಟೇಪನ್ನೇ ಎರಡು ಸಲ ಎಳೆದೆ.

ಪ್ಲೈವುಡ್‌ಗೆ ಮೇಸ್ತ್ರಿಯೂ ಕೈ ಜೋಡಿಸಿದರು. "ಅಕ್ಕಾ, ಇಪ್ಪತ್ತೈದು ವರ್ಷದಿಂದ ಗಾರೆ ಕೆಲಸ ಮಾಡ್ತಿದ್ದೀನಿ, ನೆಲಕ್ಕೆ ಹಾಸಿಗೆ ಹಾಸೋದು ಇದೇ ಮೊದಲು" ಅಂತ ನಗುತ್ತಾ. ಮೊದಲ ಪದರ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಕೆಳಗಿನ ಜೋಡಣೆಯ ಮೇಲೆ ಮೇಲಿನ ಜೋಡಣೆ ಬೀಳದ ಹಾಗೆ ಕತ್ತರಿಸಬೇಕು. ಸ್ಕ್ರೂ 20 ಎಂಎಂನದು. ಎರಡು ಪದರ ಸೇರಿ 24 ಎಂಎಂ, ಅದಕ್ಕಿಂತ ಉದ್ದದ್ದು ಹೊಡೆದರೆ ಫೋಮಿಗೆ ಇಳಿಯುತ್ತದೆ. ಗೋಡೆಯ ಸುತ್ತ ಅರ್ಧ ಇಂಚು ಬಿಟ್ಟೆವು, ಮಳೆಗಾಲಕ್ಕೆ ಮರ ಊದಿಕೊಳ್ಳಲು. ಆ ಸಂದಿಗೆ ಮೆತ್ತನೆಯ ಫೋಮ್ ಹಗ್ಗ ತುರುಕಿ, ಮೇಲೆ ಸೀಲೆಂಟ್ ಎಳೆದು, ಪಟ್ಟಿ ಹೊಡೆದೆ.

ನೆಲ ಎರಡು ಇಂಚು ಏರಿತು. ಬಾಗಿಲು ತೆರೆಯಲಿಲ್ಲ. ಬಾಗಿಲು ಇಳಿಸಿ ಕೆಳಗೆ ಕೊಯ್ದಾಯಿತು. ಅದೇನು ದೊಡ್ಡದಲ್ಲ, ಆದರೆ ಮೊದಲೇ ಯೋಚಿಸಿದ್ದರೆ ಬಾಗಿಲಿನ ಬಣ್ಣ ಉಳಿಯುತ್ತಿತ್ತು. ಎಲ್ಲ ಸೇರಿ ಖರ್ಚು 50 ಸಾವಿರದ ಹತ್ತಿರ, ಅದರಲ್ಲಿ ಮುಕ್ಕಾಲು ಪಾಲು ಪ್ಲೈವುಡ್. ಆರು ವರ್ಷದ ಹಿಂದೆ ಕಾಂಕ್ರೀಟ್ ಸುರಿಯುವ ಮುಂಚೆ ಜಲ್ಲಿಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಈ ಫೋಮ್ ಹಾಸಿದ್ದರೆ ಪ್ಲೈವುಡ್ ಬೇಕೇ ಆಗುತ್ತಿರಲಿಲ್ಲವೋ ಏನೋ. ಹೊಸದಾಗಿ ಕಟ್ಟಿಸುವವರು ಬಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಯಾರೂ ಕೇಳುವುದಿಲ್ಲ, ಟೈಲ್ಸ್ ಬಣ್ಣ ಕೇಳುತ್ತಾರೆ.

ಒಂದು ಮೂಲೆ ಮಾತ್ರ ಹಾಗೇ ಬಿಟ್ಟೆ. ಗ್ರೈಂಡರ್ ಇರುವ ಜಾಗ, 4 ಅಡಿಗೆ 3 ಅಡಿ. ಅಲ್ಲಿ ಕಿಡಿ ಹಾರುತ್ತದೆ, ಈ ಫೋಮ್ ಬಿಸಿಗೆ ಕರಗುವುದು, ಬೆಂಕಿ ತಗಲಿದರೆ ಕೆಟ್ಟ ಹೊಗೆ ಕಾರುತ್ತಾ ಉರಿಯುವುದು. ಅಲ್ಲಿ ಹಳೇ ಕಾಂಕ್ರೀಟೇ ಇದೆ. ಮೆಟ್ಟಿಲಿನ ಹಾಗೆ ಕಾಣುವ ಅಂಚಿಗೆ ಕಡಪ ಕಲ್ಲಿನ ಪಟ್ಟಿ ಕೂರಿಸಿ ಫೋಮ್ ಕಾಣದ ಹಾಗೆ ಮುಚ್ಚಿದೆ.

ಹೋದ ವರ್ಷದ ಮಳೆಗಾಲ ಪೂರ್ತಿ ಕಳೆಯಿತು. ಗಾಳಿ 26 ಇದ್ದಾಗ ಪ್ಲೈವುಡ್ ಮೇಲ್ಮೈ 25ರ ಮೇಲೇ ಇರುತ್ತಿತ್ತು. ಒಂದು ದಿನವೂ ಬೆವರಲಿಲ್ಲ. ಹಾಗಂತ ತುಕ್ಕು ನಿಂತಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಗಾಳಿಯ ತೇವ 90 ಇದ್ದದ್ದು 90ರಲ್ಲೇ ಇದೆ. ಇನ್ಸುಲೇಶನ್ ಗಾಳಿಯನ್ನು ಒಣಗಿಸುವುದಿಲ್ಲ. ಉಳಿಗಳನ್ನು ಇಡುವ ಕಪಾಟಿನಲ್ಲಿ ಹಳೇ ಕಾಲದ 60 ವ್ಯಾಟ್ ಬಲ್ಬ್ ಉರಿಯುತ್ತದೆ, ಹತ್ರಿಯ ತಳಕ್ಕೆ ಹೊಲಿಗೆ ಮಷಿನ್ ಎಣ್ಣೆ ಒರೆಸುವುದು ತಪ್ಪಿಲ್ಲ. ಇನ್ನೊಂದು, ಧರೆಯ ಕಡೆ ಗೋಡೆಯ ಬುಡದಲ್ಲಿ ನಾಲ್ಕು ಇಂಚು ಎತ್ತರಕ್ಕೆ ಹೊಸದಾಗಿ ಒಂದು ತೇವದ ಗೆರೆ ಬಂದಿದೆ. ನೆಲದಿಂದ ದಾರಿ ಮುಚ್ಚಿದ್ದಕ್ಕೆ ಗೋಡೆ ಹಿಡಿದಿದೆ. ಬಸಿಗಾಲುವೆಯನ್ನು ಇನ್ನೂ ಅರ್ಧ ಅಡಿ ಇಳಿಸಬೇಕಿತ್ತು ಅಂತ ಕಾಣುತ್ತದೆ. ಮುಂದಿನ ಫೆಬ್ರವರಿಯ ಕೆಲಸ.

ಅತ್ತೆ ಈಗ ಒಳಗೆ ಬರುತ್ತಾರೆ. ಬರಿಗಾಲಲ್ಲೇ. ಒಂದು ಮಣೆ ಎಳೆದುಕೊಂಡು ಕೂತು ಹಲಸಿನ ಬೀಜ ಸುಲಿಯುತ್ತಾರೆ, ಸಿಪ್ಪೆ ನನ್ನ ಮರದ ಪುಡಿಯ ಜೊತೆ ಸೇರುತ್ತದೆ, ಬೇಡ ಅಂದರೆ ಕೇಳುವುದಿಲ್ಲ. ಈ ಜೂನ್‌ನಲ್ಲಿ ಅವರಿಗೆ ಹೊಸ ಅಭ್ಯಾಸ ಆಗಿದೆ. ಬೆಳಿಗ್ಗೆ ಎದ್ದ ಕೂಡಲೇ ಬಂದು ಆ ಗ್ರೈಂಡರ್ ಮೂಲೆಗೆ ಬಗ್ಗಿ, ಕಾಂಕ್ರೀಟಿಗೆ ಹೆಬ್ಬೆಟ್ಟು ಒತ್ತಿ ನೋಡುತ್ತಾರೆ. ಮೊನ್ನೆಯೂ ಹಾಗೇ ಒತ್ತಿ ನೋಡಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೇಳಿದರು: "ನೆಲ ಬೆವರಿದೆ ಕಣೇ. ಬಟ್ಟೆ ಒಳಗೆ ಹಾಕು."